ಒಗರಿನ ಚರಿತ್ರೆ: ಮನೆಮದ್ದು, ಕೇರಿ ಮತ್ತು ಹೆಸರಿಲ್ಲದ ತಿಳಿವಳಿಕೆ

ನಾನು ಪಾಠ ಹೇಳುವ ಕಾಲೇಜಿನ ಹಿಂದುಗಡೆ ಒಂದಿಷ್ಟು ಬೀಳು ಜಾಗ ಇದೆ. ಅಲ್ಲಿ ಔಷಧಿ ಗಿಡಗಳ ವನ ಮಾಡಬೇಕೆಂದು ತೀರ್ಮಾನವಾದಾಗ, ಸುತ್ತಮುತ್ತಲ ಹಳ್ಳಿಗಳಿಂದ ಬರುವ ಹುಡುಗರಿಗೆ ‘ನಿಮ್ಮ ನಿಮ್ಮ ಊರಿನ ಮನೆಮದ್ದಿನ ಗಿಡ ತನ್ನಿ’ ಎಂದು ಹೇಳಿದೆವು. ಬಿ.ಎ. ಎರಡನೇ ವರ್ಷದ ಒಬ್ಬ ಹುಡುಗ ತಂಗಡಿ ಗಿಡ ತಂದು ನೆಟ್ಟ. ಪ್ರತಿ ಗಿಡಕ್ಕೂ ಒಂದು ಬೋರ್ಡು. ಮೊದಲು ಸಂಸ್ಕೃತದ ಹೆಸರು, ಆಮೇಲೆ ಸಸ್ಯಶಾಸ್ತ್ರದ ಹೆಸರು, ಕೊನೆಗೆ ಕನ್ನಡದ ಹೆಸರು, ಅದರ ಕೆಳಗೆ ಉಪಯೋಗ. ಹುಡುಗ ಉಪಯೋಗದ ಸಾಲಿನಲ್ಲಿ ‘ಸಕ್ಕರೆ ಕಾಯಿಲೆಗೆ ಹೂವಿನ ಕಷಾಯ, ಭೇದಿಗೆ ಚಕ್ಕೆಯ ಕಷಾಯ, ತೊಗಲು ಹದ ಮಾಡೋದಕ್ಕೆ ಚಕ್ಕೆ’ ಅಂತ ಬರೆದುಕೊಟ್ಟಿದ್ದ. ಬೋರ್ಡು ಬಣ್ಣ ಬಳಿಸಿಕೊಂಡು ವಾಪಸು ಬಂದಾಗ ಮೂರನೆಯದು ಇರಲಿಲ್ಲ. ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ: ‘ಮೇಡಂ, ಎರಡು ಬರೆದು ಒಂದು ಬಿಟ್ಟಿದಾರೆ. ಗಿಡ ಒಂದೇ ಅಲ್ವಾ?’

ನಾನು ಚರಿತ್ರೆ ಪಾಠ ಮಾಡುವವಳು. ಮಾದಿಗರ ಕೇರಿಯಲ್ಲಿ ಹುಟ್ಟಿದವಳು. ಹೆರಿಗೆ ಮಾಡಿಸುತ್ತಿದ್ದ, ಮದ್ದು ಕೊಡುತ್ತಿದ್ದ ಅಜ್ಜಿಯ ಕೈಯಲ್ಲಿ ಬೆಳೆದವಳು. ಆದರೂ ಅವನ ಪ್ರಶ್ನೆಗೆ ಅಲ್ಲೇ ಉತ್ತರ ಹೇಳಲು ನನಗಾಗಲಿಲ್ಲ. ‘ಉಪಯೋಗ ಅಂದ್ರೆ ಔಷಧಿ ಉಪಯೋಗ ಅಷ್ಟೇ ಕಣಪ್ಪ’ ಅಂತ ಏನೋ ಹೇಳಿ ಕಳಿಸಿದೆ. ಆ ಮಾತು ಆಡಿದ ಮೇಲೆ ನನಗೇ ನಾಚಿಕೆಯಾಯಿತು. ಈ ಬರೆಹ ಆ ನಾಚಿಕೆಯಿಂದ ಹುಟ್ಟಿದ್ದು.

೧

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲ ಸಲೀಸಾಗಿ ಬಳಸುತ್ತೇವೆ. ಹತ್ತಿರ ಇರುವುದರ ಬೆಲೆ ತಿಳಿಯುವುದಿಲ್ಲ ಎಂಬುದು ಅದರ ಅರ್ಥ. ಆದರೆ ಈ ಗಾದೆ ಹೇಳುವವನಿಗೆ ಮೊದಲು ಒಂದು ಹಿತ್ತಲು ಇರಬೇಕು. ನಮ್ಮ ಕೇರಿಯ ಮನೆಗಳಿಗೆ ಹಿತ್ತಲಿರಲಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಬಾಗಿಲು ತೆಗೆದರೆ ಬೀದಿ, ಹಿಂದಕ್ಕೆ ಹೋದರೆ ಇನ್ನೊಬ್ಬರ ಗೋಡೆ. ಅಜ್ಜಿಗೆ ಹಿತ್ತಲು ಅಂದರೆ ಕೆರೆ ಅಂಗಳ, ಬೇಲಿ ಸಾಲು, ಗೋಮಾಳ, ಸುಡುಗಾಡಿನ ಪಕ್ಕದ ಹಳ್ಳ, ಬೇರೆಯವರ ಹೊಲದ ಬದು.

‘ಮನೆಮದ್ದು’ ಎಂಬ ಮಾತಿನಲ್ಲಿರುವ ಮನೆ ಯಾರದು ಅಂತಲೂ ಕೇಳಬೇಕು. ಅಂಗಡಿಯಲ್ಲಿ ಸಿಗುವ ಮನೆಮದ್ದಿನ ಪುಸ್ತಕ ಯಾವುದನ್ನಾದರೂ ತೆಗೆದು ನೋಡಿ. ಜೇನುತುಪ್ಪ, ಹಸುವಿನ ತುಪ್ಪ, ಕಲ್ಲುಸಕ್ಕರೆ, ಕಾಳುಮೆಣಸು, ಕೇಸರಿ, ಲೋಟದ ತುಂಬ ಹಾಲು. ಇವೆಲ್ಲ ಒಂದು ಬಗೆಯ ಅಡುಗೆಮನೆಯ ಸಾಮಾನುಗಳು. ಹಾಲನ್ನು ಡೈರಿಗೆ ಹಾಕಿ ಸಾಲ ತೀರಿಸುವ ಮನೆಯಲ್ಲಿ ‘ಹಾಲಿಗೆ ಚಿಟಿಕೆ ಅರಿಶಿನ’ ಎಂಬ ಸಲಹೆಗೆ ಅರ್ಥವೇ ಇಲ್ಲ. ನಮ್ಮ ಕೇರಿಯ ಮದ್ದು ಅಡುಗೆಮನೆಯಿಂದ ಬರುತ್ತಿರಲಿಲ್ಲ, ಕೂಲಿಯಿಂದ ಬರುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಗಿ ಹೊಲದಲ್ಲಿ ಕಳೆ ಕೀಳುವ ಕೂಲಿ ಬಹುಮಟ್ಟಿಗೆ ಹೆಂಗಸರದು. ಅದರಲ್ಲೂ ಭೂಮಿಯಿಲ್ಲದ ಹೆಂಗಸರದು. ಹೊಲದ ಯಜಮಾನನಿಗೆ ರಾಗಿ ಒಂದೇ ಬೆಳೆ, ಉಳಿದದ್ದೆಲ್ಲ ಕಳೆ. ಕಳೆ ಕೀಳುವವಳಿಗೆ ಹಾಗಲ್ಲ. ಅವಳು ಒಂದೊಂದನ್ನೂ ಕೈಯಲ್ಲಿ ಹಿಡಿದು ಕೀಳಬೇಕು. ಕಿತ್ತದ್ದರಲ್ಲಿ ಒಂದು ಪಾಲು ಬದುವಿಗೆ ಎಸೆದು ಇನ್ನೊಂದು ಪಾಲು ಸೆರಗಿಗೆ ಹಾಕಿಕೊಳ್ಳುತ್ತಾಳೆ. ಹೊನಗೊನ್ನೆ, ಅಣ್ಣೆಸೊಪ್ಪು, ಗಣಿಕೆ, ದೊಗ್ಗರೆ ಸಾರಿಗೆ. ತುಂಬೆ, ನೆಲನೆಲ್ಲಿ, ಉತ್ತರಾಣಿ ಮದ್ದಿಗೆ. ಯಾವುದು ಸೊಪ್ಪು, ಯಾವುದು ಮದ್ದು, ಯಾವುದು ಬರೀ ಕಸ ಅಂತ ದಿನಕ್ಕೆ ನೂರಾರು ಸಲ ತೀರ್ಮಾನ ಮಾಡುವ ಕಣ್ಣು ಅದು. ಈ ಕಣ್ಣನ್ನು ಯಾವ ಗುರುಕುಲವೂ ತಯಾರು ಮಾಡಲಿಲ್ಲ. ಬಗ್ಗಿದ ಬೆನ್ನು ತಯಾರು ಮಾಡಿತು.

೨

ಅಜ್ಜಿ ಗಿಡ ಆರಿಸುತ್ತಿದ್ದ ರೀತಿಗೆ ಒಂದು ಕ್ರಮವಿತ್ತು. ಆಗ ಅದು ಕ್ರಮ ಅಂತ ನನಗೆ ಅನ್ನಿಸಿರಲಿಲ್ಲ. ಈಗ ಹಿಂದಕ್ಕೆ ನೋಡಿದರೆ ನಾಲ್ಕು ಹೆಜ್ಜೆ ಕಾಣುತ್ತವೆ.

ಮೊದಲು ಜಾಗ. ‘ಎಲ್ ಹುಟ್ಟೈತೆ ನೋಡು, ಆಮ್ಯಾಕೆ ಏನ್ ಹುಟ್ಟೈತೆ ನೋಡು’ ಅನ್ನುತ್ತಿದ್ದಳು. ಚರಂಡಿ ಪಕ್ಕದ ಹೊನಗೊನ್ನೆ ಬೇಡ. ರಸ್ತೆ ಬದಿಯ ತುಂಬೆ ಬೇಡ. ಟೊಮ್ಯಾಟೊ ತೋಟದ ಬದುವಿನದು ಬೇಡವೇ ಬೇಡ, ಅಲ್ಲಿ ‘ಔಷಧಿ’ ಹೊಡೆದಿರುತ್ತಾರೆ. ನಮ್ಮ ಕಡೆ ಕ್ರಿಮಿನಾಶಕಕ್ಕೂ ಕಳೆನಾಶಕಕ್ಕೂ ಔಷಧಿ ಅಂತಲೇ ಹೆಸರು. ಔಷಧಿ ಹೊಡೆದ ಜಾಗದ ಗಿಡ ಮದ್ದಿಗಾಗಲ್ಲ ಅಂತ ಅಜ್ಜಿ ಹೇಳುವಾಗ ಅದರಲ್ಲಿ ಯಾವ ವ್ಯಂಗ್ಯವೂ ಇರುತ್ತಿರಲಿಲ್ಲ.

ಆಮೇಲೆ ಕಣ್ಣು. ಎಲೆಯ ಮುಂದಲ್ಲ, ಬೆನ್ನು ನೋಡಬೇಕು. ನೆಲನೆಲ್ಲಿಯನ್ನು ಗುರುತಿಸುವುದೇ ಹಾಗೆ: ಸಣ್ಣ ಕಾಯಿಗಳು ಎಲೆಕಡ್ಡಿಯ ಕೆಳಗೆ ಸಾಲಾಗಿ ತೂಗುತ್ತವೆ. ಕಾಂಡ ಮುರಿದರೆ ಹಾಲು ಬರುತ್ತದೋ ನೀರು ಬರುತ್ತದೋ ನೋಡಬೇಕು. ಹಾಲು ಬರುವ ಗಿಡವನ್ನು ಮಕ್ಕಳ ಕೈಗೆ ಕೊಡಬಾರದು. ಎಕ್ಕದ ಹಾಲನ್ನು ಕಾಲಿನ ಮುಳ್ಳಿನ ಸುತ್ತ ಹಚ್ಚುತ್ತಿದ್ದಳು, ಹಚ್ಚಿದ ಕೈಯನ್ನು ಬೂದಿ ಹಾಕಿ ತೊಳೆಯದೆ ಕಣ್ಣು ಮುಟ್ಟಿಕೊಂಡರೆ ಬೈಯುತ್ತಿದ್ದಳು. ಮೂರನೆಯದು ಮೂಗು. ಲಕ್ಕಿಸೊಪ್ಪನ್ನು ಕತ್ತಲಲ್ಲೂ ಉಜ್ಜಿ ಮೂಸಿ ಹೇಳುತ್ತಿದ್ದಳು. ನೆಗಡಿ, ಮೈಕೈ ನೋವಿಗೆ ಅದರ ಹಬೆ. ಬಾಣಂತಿಯ ನೀರಿಗೂ ಅದೇ ಸೊಪ್ಪು.

ಕೊನೆಯದು ನಾಲಿಗೆ. ಮೊದಲ ಮೂರರಲ್ಲೂ ಗುರುತು ಗಟ್ಟಿಯಾದ ಮೇಲೆ ಮಾತ್ರ ನಾಲಿಗೆ. ಗೊತ್ತಿಲ್ಲದ ಗಿಡವನ್ನು ರುಚಿ ನೋಡಿ ಗುರುತಿಸುವ ಹುಚ್ಚು ಅವಳಿಗಿರಲಿಲ್ಲ. ಗೊತ್ತಿರುವ ಗಿಡದಲ್ಲೂ ಈ ಸಲದ ಚಕ್ಕೆಗೆ ಕಸುವಿದೆಯೋ ಇಲ್ಲವೋ ತಿಳಿಯಲು ಚೂರು ಕಡಿದು ಉಗುಳುತ್ತಿದ್ದಳು. ‘ಒಗರು ಹಿಡೀತದೆ, ಆಗ್ತದೆ’ ಅನ್ನುವುದು ಅವಳ ತೀರ್ಪು.

ಈ ಒಗರು ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಭೇದಿಗೆ ಅಜ್ಜಿ ಕೊಡುತ್ತಿದ್ದದ್ದು ತಂಗಡಿ ಚಕ್ಕೆ, ಇಲ್ಲವಾದರೆ ಕರಿಜಾಲಿ ಚಕ್ಕೆ, ಅದೂ ಇಲ್ಲವಾದರೆ ಸೀಬೆಯ ಚಿಗುರು. ಬಾಯಿಹುಣ್ಣಿಗೆ ಅಳಲೆಕಾಯಿ ತೇದು ಹಚ್ಚುತ್ತಿದ್ದಳು. ಹಲ್ಲಿಗೆ ಜಾಲಿಕಡ್ಡಿ. ಇವು ನೋಡಲು ಬೇರೆ ಬೇರೆ ಮರಗಿಡಗಳು. ಎಲೆ ಬೇರೆ, ಹೂವು ಬೇರೆ, ಕಾಯಿ ಬೇರೆ. ಆದರೆ ಎಲ್ಲದಕ್ಕೂ ಒಗರು ಇದೆ. ಅಂದರೆ ಅಜ್ಜಿ ಒಂದೊಂದು ರೋಗಕ್ಕೆ ಒಂದೊಂದು ಗಿಡ ಎಂದು ಬಾಯಿಪಾಠ ಮಾಡಿಕೊಂಡಿರಲಿಲ್ಲ. ಒಂದು ಗುಣವನ್ನು ಹಿಡಿದು, ಆ ಗುಣ ಎಲ್ಲೆಲ್ಲಿ ಸಿಗುತ್ತದೆಂದು ಹುಡುಕುತ್ತಿದ್ದಳು. ಇದಕ್ಕೆ ಸಿದ್ಧಾಂತ ಅನ್ನದೆ ಬೇರೇನು ಹೆಸರು?

ಸೀಬೆಯ ಸಾಕ್ಷಿ ಇಲ್ಲಿ ಮುಖ್ಯ. ಸೀಬೆ ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಈ ಕಡೆಗೆ ಬಂದ ಮೇಲೆ ಬಂದದ್ದು. ಚರಕನಿಗಾಗಲಿ ಸುಶ್ರುತನಿಗಾಗಲಿ ಅದು ಗೊತ್ತಿರಲು ಸಾಧ್ಯವಿಲ್ಲ. ಹಳದಿ ಹೂವಿನ ಅರಿಶಿನ ದತ್ತೂರಿಯೂ ಹಾಗೇ ಬಂದದ್ದು. ಮುಟ್ಟಿದರೆ ಮುನಿಯೂ ಹಾಗೇ. ಹಾಗಿದ್ದರೆ ಸೀಬೆ ಚಿಗುರನ್ನು ಭೇದಿಗೆ ಕೊಡಬಹುದು ಅಂತ ಇಲ್ಲಿಯ ಜನಕ್ಕೆ ಯಾವ ಶಾಸ್ತ್ರ ಹೇಳಿತು? ಯಾವುದೋ ಬದುವಿನ ಮೇಲೆ ಯಾರೋ ಹೊಸ ಗಿಡವೊಂದರ ಎಲೆ ಕಡಿದು, ‘ಇದೂ ಒಗರೇ’ ಅಂದುಕೊಂಡಿರಬೇಕು. ಜನರ ತಿಳಿವಳಿಕೆ ಅನಾದಿಕಾಲದಿಂದ ಹಾಗೇ ಬಂದದ್ದು, ಪುರಾತನವಾದದ್ದು ಎಂದು ಹೊಗಳುವವರು ಈ ಪ್ರಯೋಗವನ್ನು ಮರೆಯುತ್ತಾರೆ. ನಮ್ಮವರನ್ನು ‘ಸಂಪ್ರದಾಯ’ದ ಹೆಸರಲ್ಲಿ ಹೊಗಳುವುದೂ ಅವರ ಬುದ್ಧಿಯನ್ನು ಅಲ್ಲಗಳೆಯುವ ಒಂದು ಉಪಾಯವೇ.

೩

ಈಗ ಹುಡುಗನ ಬೋರ್ಡಿಗೆ ಬರೋಣ. ಒಗರು ಕೊಡುವ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಟ್ಯಾನಿನ್ ಎಂದು ಹೆಸರು. ಅದು ಪ್ರೋಟೀನನ್ನು ಹಿಡಿದು ಬಿಗಿಯುತ್ತದೆ. ಎಂಜಲಿನ ಪ್ರೋಟೀನನ್ನು ಬಿಗಿದರೆ ನಾಲಿಗೆ ಒಣಗಿದ ಹಾಗಾಗುತ್ತದೆ, ಅದೇ ಒಗರು. ಹಸಿ ತೊಗಲಿನ ಪ್ರೋಟೀನನ್ನು ಬಿಗಿದರೆ ಅದು ಕೊಳೆಯದೆ ಚರ್ಮವಾಗುತ್ತದೆ. ಟ್ಯಾನಿನ್ ಎಂಬ ಹೆಸರು ಬಂದದ್ದೇ ತೊಗಲು ಹದ ಮಾಡುವ ಕಸುಬಿನಿಂದ. ಯುರೋಪಿನ ರಸಾಯನಶಾಸ್ತ್ರ ತೊಗಲಿನ ತೊಟ್ಟಿಯಿಂದ ಒಂದು ಹೆಸರನ್ನು ಎತ್ತಿಕೊಳ್ಳಲು ನಾಚಲಿಲ್ಲ. ನಾವು ಒಂದು ಬೋರ್ಡಿನ ಮೇಲೆ ಅದನ್ನು ಬರೆಯಲು ನಾಚುತ್ತೇವೆ.

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್ ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ. ಅವನ ಪ್ರವಾಸಕಥನ ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಾದಿಗರು ತೊಗಲು ಹದ ಮಾಡುವ ಕ್ರಮವನ್ನು ಅವನು ಅಡುಗೆ ಬರೆದ ಹಾಗೆ ಅಳತೆ ಸಮೇತ ಬರೆದುಕೊಂಡಿದ್ದಾನೆ. ಕುರಿ ಆಡಿನ ತೊಗಲಾದರೆ ಎಕ್ಕದ ಹಾಲು, ಉಪ್ಪು, ರಾಗಿ ಮುದ್ದೆ ಕಲಸಿ ಉಜ್ಜಿ, ಬಿಸಿಲಿಗಿಟ್ಟು ಕೂದಲು ತೆಗೆಯುವುದು, ಆಮೇಲೆ ಅಳಲೆಕಾಯಿ ಪುಡಿಯ ಬಿಸಿನೀರಿನಲ್ಲಿ ನೆನೆಹಾಕುವುದು. ಎತ್ತಿನ ತೊಗಲಾದರೆ ಸುಣ್ಣ, ಆಮೇಲೆ ತಂಗಡಿ. ನಾನು ಇದನ್ನು ಎಂ.ಎ. ಓದುವಾಗ ಲೈಬ್ರರಿಯಲ್ಲಿ ಕೂತು ಓದಿದೆ. ಓದಿ ಸುಮ್ಮನೆ ಕೂತುಬಿಟ್ಟೆ. ಎಕ್ಕದ ಹಾಲು, ಅಳಲೆಕಾಯಿ, ತಂಗಡಿ. ಅಜ್ಜಿಯ ಮದ್ದಿನ ಗಂಟಿನಲ್ಲಿದ್ದ ಮೂರೂ ಅಲ್ಲಿದ್ದವು.

ಅಳಲೆಕಾಯಿಯ ಜಾತಿ ಯಾವುದು ಅಂತ ಕೇಳಬಹುದು. ಹರೀತಕಿ ಎಂಬ ಹೆಸರಿನಲ್ಲಿ, ತಾರೆ ಮತ್ತು ನೆಲ್ಲಿಯ ಜೊತೆ ಅದು ತ್ರಿಫಲವಾಗುತ್ತದೆ. ಅದರ ಹುಟ್ಟಿಗೆ ಅಮೃತದ ಕತೆ ಇದೆ. ಅದೇ ಕಾಯಿ ಕೇರಿಯ ತೊಟ್ಟಿಗೆ ಬಿದ್ದರೆ ಆ ನೀರು ಮೈಲಿಗೆ, ಅದರಲ್ಲಿ ಇಳಿದ ಕಾಲು ಮೈಲಿಗೆ. ಕಾಯಿಯ ಗುಣ ಎರಡೂ ಕಡೆ ಒಂದೇ. ಮದ್ದಿನಿಂದ ಹದಕ್ಕೆ ಬಂತೋ, ಹದದಿಂದ ಮದ್ದಿಗೆ ಹೋಯಿತೋ ಹೇಳಲು ದಾಖಲೆ ಇಲ್ಲ. ಆದರೆ ಎರಡೂ ತಿಳಿವಳಿಕೆ ಒಂದೇ ಕೇರಿಯಲ್ಲಿ, ಎಷ್ಟೋ ಸಲ ಒಂದೇ ಕೈಯಲ್ಲಿ ಇದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸಿನಿಂದ ಬ್ರಿಟನ್ನಿಗೆ ಹಡಗು ಹತ್ತಿದ ಹದದ ಚರ್ಮವೆಲ್ಲ ಬಹುಪಾಲು ಈ ತಂಗಡಿ ಚಕ್ಕೆಯಲ್ಲಿ ನೆಂದದ್ದು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಕ್ರೋಮ್ ಹದವನ್ನು ತಂದ. ಆಮೇಲೆ ನಿಧಾನವಾಗಿ ಹಳ್ಳಿಯ ತೊಟ್ಟಿಗಳು ಒಣಗಿದವು. ಇವತ್ತು ಅದೇ ತಂಗಡಿ ಹೂವು ಪೊಟ್ಟಣದಲ್ಲಿ ‘ಆವಾರಂ ಚಹಾ’ ಆಗಿ ಮಾರಾಟವಾಗುತ್ತದೆ. ತೆಲಂಗಾಣ ಅದನ್ನು ತನ್ನ ರಾಜ್ಯದ ಹೂವಾಗಿ ಮಾಡಿಕೊಂಡಿದೆ. ಹೂವಿಗೆ ಗೌರವ ಬಂತು, ಚಕ್ಕೆ ಕುಟ್ಟಿದವರಿಗೆ ಬರಲಿಲ್ಲ.

೪

ಶಾಸ್ತ್ರ ಏನು ಹೇಳುತ್ತದೆ? ಚರಕಸಂಹಿತೆಯ ಮೊದಲ ಅಧ್ಯಾಯದಲ್ಲೇ ಒಂದು ಒಪ್ಪಿಗೆ ಇದೆ: ಕುರಿ ಕಾಯುವವರು, ದನ ಕಾಯುವವರು, ಕಾಡಿನವರು ಗಿಡಗಳ ಹೆಸರು ರೂಪ ಬಲ್ಲರು ಎಂದು. ಸುಶ್ರುತನೂ ದನಗಾಹಿಗಳು, ಬೇಡರು, ಗೆಡ್ಡೆಗೆಣಸು ತಿಂದು ಬದುಕುವವರಿಂದ ಗಿಡ ತಿಳಿಯಬೇಕು ಎನ್ನುತ್ತಾನೆ. ಆದರೆ ಚರಕ ಮುಂದಿನ ಮಾತಿನಲ್ಲೇ ಒಂದು ಗೆರೆ ಎಳೆಯುತ್ತಾನೆ: ಹೆಸರು ರೂಪ ತಿಳಿದ ಮಾತ್ರಕ್ಕೆ ತತ್ವ ತಿಳಿದಂತಲ್ಲ, ಪ್ರಯೋಗದ ಯುಕ್ತಿ ತಿಳಿದವನೇ ವೈದ್ಯ. ಕೇಳಲು ನ್ಯಾಯವಾದ ಮಾತೇ. ಆದರೆ ಇದರೊಳಗೆ ಒಂದು ಹಂಚಿಕೆ ನಡೆದುಹೋಗಿದೆ. ಕಣ್ಣು ಕುರುಬನದು, ಕಾಡಿನವನದು, ತತ್ವ ಬರೆದವನದು. ಅಜ್ಜಿಯ ಒಗರಿನ ಲೆಕ್ಕ ಈ ಹಂಚಿಕೆಯಲ್ಲಿ ಎಲ್ಲಿಗೆ ಹೋಗಬೇಕು?

ಇನ್ನೊಂದು ಕಡೆ ವೈದ್ಯನೇ ಮೈಲಿಗೆ. ಮನುಸ್ಮೃತಿ ವೈದ್ಯನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಡುತ್ತದೆ, ಅವನ ಅನ್ನ ಉಣ್ಣಬಾರದೆನ್ನುತ್ತದೆ, ವೈದ್ಯವೃತ್ತಿಯನ್ನು ಅಂಬಷ್ಠನೆಂಬ ಸಂಕರ ಜಾತಿಗೆ ವಹಿಸುತ್ತದೆ. ಕಾರಣ ಸರಳ. ವೈದ್ಯ ಎಲ್ಲರನ್ನೂ ಮುಟ್ಟಬೇಕು. ಹೆಣ, ಕೀವು, ರಕ್ತ ಮುಟ್ಟಬೇಕು. ದೇಬಿಪ್ರಸಾದ್ ಚಟ್ಟೋಪಾಧ್ಯಾಯರು ೧೯೭೭ರ ತಮ್ಮ ಪುಸ್ತಕದಲ್ಲಿ ಈ ವಿರೋಧವನ್ನೇ ಹಿಡಿದು ಪ್ರಾಚೀನ ಭಾರತದ ವಿಜ್ಞಾನ ಯಾಕೆ ಸೊರಗಿತು ಎಂದು ಕೇಳಿದರು. ಚರಕಸಂಹಿತೆಯಲ್ಲಿ ಕೆಲವು ರೋಗಗಳಿಗೆ ಗೋಮಾಂಸ ಹೇಳಿದೆ ಎಂಬುದನ್ನು ಇವತ್ತಿನ ಆಯುರ್ವೇದದ ಭಕ್ತರು ಗಟ್ಟಿಯಾಗಿ ಹೇಳುವುದಿಲ್ಲ. ಮುಟ್ಟುವ ಕೆಲಸವನ್ನು ಕೆಳಕ್ಕೆ ತಳ್ಳಿ, ಬರೆಯುವ ಕೆಲಸವನ್ನು ಮೇಲೆ ಇಟ್ಟುಕೊಂಡದ್ದೇ ಈ ಚರಿತ್ರೆಯ ಸಾರ. ಸೂಲಗಿತ್ತಿಯ ಕತೆಯೂ ಇದೇ. ನಮ್ಮ ಅಜ್ಜಿಯನ್ನು ಮೇಲಿನ ಬೀದಿಯವರು ರಾತ್ರಿ ಹೊತ್ತು ಹಿಂದಿನ ಬಾಗಿಲಿಂದ ಕರೆದುಕೊಂಡು ಹೋಗುತ್ತಿದ್ದರು. ಹೊಕ್ಕುಳ ಬಳ್ಳಿ ಕೊಯ್ದು ಅವಳು ಈಚೆ ಬಂದ ಮೇಲೆ ಮನೆಗೆ ಗಂಜಳ ಚಿಮುಕಿಸುತ್ತಿದ್ದರು. ಮಗುವನ್ನು ಮೊದಲು ಮುಟ್ಟಿದ ಕೈ ಆಮೇಲೆ ಆ ಮಗುವನ್ನು ಮುಟ್ಟುವಂತಿರಲಿಲ್ಲ.

ಕೆಳಗಿನವರ ತಿಳಿವಳಿಕೆ ಹೆಸರು ಸಮೇತ ಪುಸ್ತಕ ಸೇರಿದ ಉದಾಹರಣೆ ಅಪರೂಪ. ಡಚ್ಚರ ಮಲಬಾರಿನ ಗವರ್ನರ್ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಮೊದಲ ಸಂಪುಟದಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ್ ೧೬೭೫ರ ಏಪ್ರಿಲ್‌ನಲ್ಲಿ ಕೋಲೆಳುತ್ತು ಲಿಪಿಯಲ್ಲಿ ಬರೆದುಕೊಟ್ಟ ಹೇಳಿಕೆ ಇದೆ. ಅದರ ಜೊತೆಗೇ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಬ್ರಾಹ್ಮಣರು ಕೊಂಕಣಿಯಲ್ಲಿ ಕೊಟ್ಟ ಹೇಳಿಕೆಯೂ ಇದೆ. ಈ ಗ್ರಂಥದಲ್ಲಿ ಈಳವರ ತಿಳಿವಳಿಕೆಯೇ ಮೇಲುಗೈ ಪಡೆಯಿತು ಎಂದು ರಿಚರ್ಡ್ ಗ್ರೋವ್ ವಾದಿಸಿದರು. ಕೆ.ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ೨೦೦೩ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಇಟ್ಟಿ ಅಚ್ಯುತನ್ ಹೆಸರು ಉಳಿದದ್ದು ಸಣ್ಣ ಸಂಗತಿಯಲ್ಲ. ಅವರಿಗೆ ಓಲೆಗರಿ ಇತ್ತು, ಅಕ್ಷರ ಇತ್ತು. ಆದರೆ ಅವರಿಗಾಗಿ ಮರ ಹತ್ತಿ ಹೂವು ಕಾಯಿ ಇಳಿಸಿಕೊಟ್ಟವರಿಗೆ ಅಕ್ಷರ ಇರಲಿಲ್ಲ. ಅವರ ಹೆಸರು ಅಲ್ಲಿಲ್ಲ.

೫

ಇದೆಲ್ಲ ಹಳೆಯ ಮಾತು, ಈಗ ಸಂವಿಧಾನ ಇದೆ ಅನ್ನಬಹುದು. ಹಾಗಾದರೆ ಈಗಿನ ಕಾನೂನಿನ ಕಡೆ ನೋಡೋಣ. ಅರಿಶಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ ೧೯೯೫ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಸಿ.ಎಸ್.ಐ.ಆರ್. ಅದನ್ನು ಪ್ರಶ್ನಿಸಿ ೧೯೯೭ರಲ್ಲಿ ರದ್ದು ಮಾಡಿಸಿತು. ಸಂತೋಷವೇ. ಆದರೆ ಹೇಗೆ ರದ್ದಾಯಿತು ಎಂಬುದನ್ನು ಗಮನಿಸಬೇಕು. ಕೋಟ್ಯಂತರ ಹೆಂಗಸರು ದಿನಾ ಗಾಯಕ್ಕೆ ಅರಿಶಿನ ಮೆತ್ತುತ್ತಿದ್ದರು ಎಂಬುದು ಅಲ್ಲಿ ಸಾಕ್ಷಿಯಾಗಲಿಲ್ಲ. ಆಗಿನ ಅಮೆರಿಕದ ಕಾನೂನು ಬೇರೆ ದೇಶದ ಬಾಯಿಮಾತಿನ ತಿಳಿವಳಿಕೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಚ್ಚಾದ ಕಾಗದ ಬೇಕಿತ್ತು. ಕಾಗದ ತೋರಿಸಿ ಗೆದ್ದೆವು. ಆ ಅನುಭವದ ಮೇಲೆ ೨೦೦೧ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುವಾಯಿತು. ಅದರೊಳಗೆ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಯೋಗಗಳು ಸೇರಿದವು. ಗ್ರಂಥವಿಲ್ಲದವರ ಮದ್ದಿಗೆ ಗ್ರಂಥಾಲಯದಲ್ಲಿ ಜಾಗ ಎಲ್ಲಿಂದ ಬರಬೇಕು?

ಅದಕ್ಕಿಂತ ಮುಖ್ಯವಾದದ್ದು ೨೦೦೨ರ ಜೀವವೈವಿಧ್ಯ ಕಾಯಿದೆ. ಗಿಡ ಮತ್ತು ತಿಳಿವಳಿಕೆಯಿಂದ ಲಾಭ ಮಾಡುವವರು ಅದರಲ್ಲಿ ಒಂದು ಪಾಲನ್ನು ಅದನ್ನು ಕಾಪಾಡಿದ ಜನಕ್ಕೆ ಕೊಡಬೇಕು ಎಂಬುದು ಅದರ ತತ್ವ. ೨೦೨೩ರ ತಿದ್ದುಪಡಿ ಬಂದು, ಗ್ರಂಥಸ್ಥವಾದ ಸಾಂಪ್ರದಾಯಿಕ ಜ್ಞಾನವನ್ನು ಬಳಸುವವರಿಗೆ ಈ ಪಾಲು ಕೊಡುವುದರಿಂದ ವಿನಾಯಿತಿ ಕೊಟ್ಟಿತು. ಅಂದರೆ ತಿಳಿವಳಿಕೆ ಗ್ರಂಥ ಸೇರಿದರೆ ಅದು ಎಲ್ಲರದು, ಯಾರಿಗೂ ಏನೂ ಕೊಡಬೇಕಾಗಿಲ್ಲ. ಗ್ರಂಥ ಸೇರದಿದ್ದರೆ ಅದು ಇದೆ ಎನ್ನಲು ಸಾಕ್ಷಿಯೇ ಇಲ್ಲ. ಚರಕ ಕುರುಬನಿಂದ ಕೇಳಿ ಬರೆದದ್ದಕ್ಕೆ ಈಗ ಕಾನೂನಿನ ಮೊಹರು ಬಿದ್ದಿದೆ.

ಬೇರೆ ದಾರಿ ಇಲ್ಲವೆಂದಲ್ಲ. ೧೯೮೭ರಲ್ಲಿ ಕೇರಳದ ಅಗಸ್ತ್ಯಮಲೆಯಲ್ಲಿ ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಒಂದು ಕಾಯಿ ತಿಂದು ದಣಿಯದೆ ನಡೆಯುವುದನ್ನು ವಿಜ್ಞಾನಿಗಳು ನೋಡಿದರು. ಆರೋಗ್ಯಪಚ್ಚ ಎಂಬ ಆ ಗಿಡದಿಂದ ‘ಜೀವನಿ’ ಎಂಬ ಔಷಧಿ ಬಂತು. ೧೯೯೫ರಲ್ಲಿ ಅದನ್ನು ತಯಾರಿಸುವ ಪರವಾನಗಿ ಕೊಟ್ಟಾಗ ಬಂದ ಹಣದಲ್ಲಿ ಅರ್ಧ ಕಾಣಿ ಜನಕ್ಕೆ ಎಂದು ಗೊತ್ತುಮಾಡಿದರು. ೧೯೯೭ರಲ್ಲಿ ಅವರದೇ ಟ್ರಸ್ಟ್ ಆಯಿತು. ಅದರಲ್ಲಿ ಜಗಳ ತಕರಾರು ಬಂದವು. ಆದರೂ ‘ಇದು ಇವರಿಂದ ತಿಳಿದದ್ದು’ ಎಂದು ಕಾಗದದ ಮೇಲೆ ಬರೆದರಲ್ಲ, ಅದು ದೊಡ್ಡದು. ನಮ್ಮಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನಿಗೆ ೨೦೧೮ರಲ್ಲಿ, ಅಂಕೋಲೆಯ ತುಳಸಿ ಗೌಡರಿಗೆ ೨೦೨೦ರಲ್ಲಿ ಪದ್ಮಶ್ರೀ ಬಂತು. ಇಬ್ಬರೂ ಈಗಿಲ್ಲ. ಅವರ ಫೋಟೋ ತೆಗೆದುಕೊಂಡಷ್ಟು ಆಸ್ಥೆಯಿಂದ ಅವರ ಮಾತನ್ನು ಬರೆದುಕೊಂಡೆವೇ ಎಂಬುದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

೬

ಇಷ್ಟು ಹೇಳಿ ನಿಲ್ಲಿಸಿದರೆ ಇದು ಅಜ್ಜಿಯ ಗುಣಗಾನ ಆಗುತ್ತದೆ. ದಲಿತ ವಿಮರ್ಶೆಗೆ ಅದು ಸಾಲದು. ನಮ್ಮ ಮನೆಯ ಒಂದು ಸಾವನ್ನು ಇಲ್ಲಿ ಹೇಳಲೇಬೇಕು.

ನಮ್ಮಪ್ಪನಿಗೆ ಒಬ್ಬಳು ಅಕ್ಕ ಇದ್ದಳು. ಮೂರು ವರ್ಷದವಳಿದ್ದಾಗ ವಾಂತಿಭೇದಿಯಲ್ಲಿ ತೀರಿಹೋದಳು. ಊರಿಗೆಲ್ಲ ಭೇದಿಯ ಮದ್ದು ಕೊಡುತ್ತಿದ್ದ ಅಜ್ಜಿಯ ಸ್ವಂತ ಮಗಳು. ಅಜ್ಜಿ ತಂಗಡಿ ಚಕ್ಕೆ ಕುದಿಸಿ ಕುಡಿಸಿದಳು. ಮದ್ದೇನೋ ಅವಳಿಗೆ ಗೊತ್ತಿತ್ತು. ಆದರೆ ಒಗರು ಹೊಟ್ಟೆಯನ್ನು ಬಿಗಿಯಬಹುದು, ಮೈಯಿಂದ ಹೋದ ನೀರನ್ನೂ ಉಪ್ಪನ್ನೂ ವಾಪಸು ಕೊಡಲಾರದು. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ಸೋಡ ಕಲಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಭೇದಿಗೆ ಇರುವ ಅತಿ ದೊಡ್ಡ ಮನೆಮದ್ದು ಅದು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಒಳ್ಳೆಯ ನೀರು.

ನಮ್ಮ ಕೇರಿಗೆ ಇಲ್ಲದೆ ಇದ್ದದ್ದೂ ಅದೇ. ಊರ ಬಾವಿ ಊರಿನದು. ಕೇರಿಯವರು ದನ ಇಳಿಯುವ ಕುಂಟೆಯ ನೀರು ತರಬೇಕು, ಇಲ್ಲವೇ ಬಾವಿ ಹತ್ತಿರ ಕೊಡ ಇಟ್ಟು ಯಾರಾದರೂ ಸೇದಿ ಹುಯ್ಯುವವರೆಗೆ ಕಾಯಬೇಕು. ಅಂಬೇಡ್ಕರ್ ೧೯೨೭ರ ಮಾರ್ಚ್‌ನಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದನ್ನು ನಾವು ಹಕ್ಕಿನ ಹೋರಾಟ ಅಂತ ಪಾಠ ಮಾಡುತ್ತೇವೆ. ಅದು ಮಕ್ಕಳ ಜೀವದ ಪ್ರಶ್ನೆಯೂ ಹೌದು ಎಂದು ನನಗೆ ಹೊಳೆದದ್ದು ಅಪ್ಪ ಈ ಸಾವಿನ ಕತೆ ಹೇಳಿದ ದಿನ. ಅಜ್ಜಿಯ ಮಗಳನ್ನು ಕೊಂದದ್ದು ಅವಳ ಅಜ್ಞಾನವಲ್ಲ, ಗಿಡದ ದೋಷವೂ ಅಲ್ಲ.

ಹಾಗಾಗಿ ಕೇರಿಯ ಮನೆಮದ್ದನ್ನು ಆಯ್ಕೆ ಎನ್ನಲು ನನಗೆ ಹಿಂಜರಿಕೆ. ಮೇಲಿನ ಬೀದಿಯ ಪಂಡಿತರು ಕೇರಿಯವರ ನಾಡಿ ಹಿಡಿಯುತ್ತಿರಲಿಲ್ಲ, ಪೊಟ್ಟಣವನ್ನು ದೂರದಿಂದ ಎಸೆಯುತ್ತಿದ್ದರು. ಆಸ್ಪತ್ರೆಗೆ ಹದಿನೆಂಟು ಮೈಲಿ. ಬೇರೆ ದಾರಿ ಇಲ್ಲದವರು ಬೇಲಿಯ ಗಿಡ ಹಿಡಿದರು. ಇವತ್ತು ಪೇಟೆಯವರು ‘ಸೈಡ್ ಎಫೆಕ್ಟ್ ಇಲ್ಲ’ ಅಂತ ಅದೇ ಗಿಡ ಹುಡುಕಿಕೊಂಡು ಬರುವಾಗ, ನಮ್ಮ ಹುಡುಗರು ‘ನಮಗೆ ಆಸ್ಪತ್ರೆ ಬೇಕು’ ಅಂದರೆ ಅದರಲ್ಲಿ ತಪ್ಪಿಲ್ಲ. ತೊಗಲಿನ ತೊಟ್ಟಿ ಬಿಟ್ಟದ್ದೂ ತಪ್ಪಲ್ಲ. ಆ ವಾಸನೆಯಲ್ಲಿ ಬದುಕಬೇಕಾದ ಗತಿಯನ್ನು ಧಿಕ್ಕರಿಸಿದ್ದು ನಮ್ಮ ಚಳವಳಿಯ ಹೆಮ್ಮೆ. ಆದರೆ ತೊಟ್ಟಿಯ ಜೊತೆಗೆ ಒಗರಿನ ಲೆಕ್ಕವನ್ನೂ ಮುಚ್ಚಿಬಿಟ್ಟೆವು. ಕಸುಬಿಗೆ ಮರಳದೆ ಅದರೊಳಗಿನ ಬುದ್ಧಿಯನ್ನು ನಮ್ಮದೆಂದು ಹೇಳುವುದು ಹೇಗೆ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ.

ಗಿಡ ಬಳಸುವವರಿಗೆ ಅಜ್ಜಿಯ ಕ್ರಮದಿಂದಲೇ ಕೆಲವು ಮಾತು ಹೇಳಬಹುದು. ಪುಸ್ತಕದ ಚಿತ್ರ ನೋಡಿ ಗಿಡ ಕೀಳಬೇಡಿ, ಬಲ್ಲವರ ಜೊತೆ ಹೋಗಿ ನೋಡಿ. ಕರೋನ ಕಾಲದಲ್ಲಿ ಎಲ್ಲರೂ ಅಮೃತಬಳ್ಳಿ ಕಷಾಯ ಕುಡಿದರು. ೨೦೨೧ರಲ್ಲಿ ಮುಂಬೈಯ ವೈದ್ಯರು ಹಾಗೆ ಕುಡಿದ ಕೆಲವರ ಯಕೃತ್ತಿಗೆ ಪೆಟ್ಟಾಗಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಅದೇ ರೀತಿ ಕಾಣುವ ಬೇರೆ ಬಳ್ಳಿ ಇದ್ದಿರಬಹುದು ಎಂದಿತು. ಯಾರದೇ ಮಾತು ಸರಿಯಿರಲಿ, ಗುರುತಿಸುವ ಕಣ್ಣಿಲ್ಲದೆ ಮದ್ದಿಲ್ಲ ಎಂಬುದಂತೂ ನಿಜ. ಒಂದು ಸಲಕ್ಕೆ ಒಂದೇ ಗಿಡ, ಕಡಿಮೆ ಪ್ರಮಾಣ, ಕೆಲವೇ ದಿನ. ಬಸುರಿಗೆ, ಎಳೆಮಗುವಿಗೆ, ಬೇರೆ ಮಾತ್ರೆ ನುಂಗುತ್ತಿರುವವರಿಗೆ ಡಾಕ್ಟರನ್ನು ಕೇಳದೆ ಬೇಡ. ಹಾವು ಕಡಿದರೆ, ಕಣ್ಣು ಹಳದಿಯಾದರೆ, ಭೇದಿಯಾದ ಮಗುವಿನ ಕಣ್ಣು ಗುಳಿಬಿದ್ದರೆ ಬೇಲಿ ಕಡೆ ನೋಡದೆ ಆಸ್ಪತ್ರೆಗೆ ಓಡಬೇಕು. ಅಜ್ಜಿಯೂ ಕೊನೆಗಾಲದಲ್ಲಿ ಇದನ್ನೇ ಹೇಳುತ್ತಿದ್ದಳು: ‘ನಮ್ ಕೈಯಾಗ್ ಆಗ್ದೆ ಇರೋದು ಯಾವ್ದು ಅಂತ ಗೊತ್ತಿರೋದೇ ಮದ್ದು.’

ಅಜ್ಜಿ ತೀರಿಹೋಗಿ ಆರು ವರ್ಷವಾಯಿತು. ಅವಳು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡಿಲ್ಲ. ಅಕ್ಷರ ಕಲಿತವಳು ನಾನೇ, ಬರೆಯದೆ ಬಿಟ್ಟವಳೂ ನಾನೇ. ಈ ವರ್ಷ ನನ್ನ ಹತ್ತಿರ ಓದುವ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳಿದ್ದೇನೆ. ತಮ್ಮ ಕೇರಿಯ ಹಿರಿಯರನ್ನು ಕಂಡು, ಗಿಡದ ಹೆಸರಿನ ಪಕ್ಕದಲ್ಲಿ ಹೇಳಿದವರ ಹೆಸರನ್ನೂ ಅವರು ಮಾಡುತ್ತಿದ್ದ ಕಸುಬನ್ನೂ ಅವರು ಒಪ್ಪಿದರೆ ಬರೆಯಬೇಕು. ಮದ್ದು ಕೆಲಸ ಮಾಡದೆ ಹೋದ ಸಂದರ್ಭವನ್ನೂ ಬರೆಯಬೇಕು. ಆ ಹುಡುಗನನ್ನು ಕರೆದು ತಂಗಡಿ ಗಿಡದ ಬೋರ್ಡಿನ ಬಗ್ಗೆ ನಾನು ಆವತ್ತು ಹೇಳಿದ್ದು ತಪ್ಪು ಅಂದೆ. ಅವನು ನಕ್ಕ. ‘ಗೊತ್ತು ಮೇಡಂ, ನಾನು ಆವತ್ತೇ ಹಿಂದಗಡೆ ಬರೆದಿದೀನಿ’ ಅಂದ. ಹೋಗಿ ನೋಡಿದೆ. ಬೋರ್ಡಿನ ಬೆನ್ನಿಗೆ ಸುಣ್ಣದಲ್ಲಿ ಬರೆದಿದ್ದ. ಮಳೆಗೆ ಅರ್ಧ ಅಳಿಸಿತ್ತು. ಬಣ್ಣ ತರಲು ಹೇಳಿದೆ.